ಅರ ಕೆಳಗಿಟ್ಟ ಮೂರು ದಿನ

ಹಲಸೂರಿನಲ್ಲಿ ಮೆಟ್ರೊ ಹತ್ತಿದ ಕಾರ್ಮಿಕನೊಬ್ಬನ ಅಂಗಿಯಿಂದ ಬಂದ ವಾಸನೆ ನಿಮಗೂ ಗೊತ್ತಿರಬಹುದು: ಕಬ್ಬಿಣ ಕೊರೆಯುವಾಗ ಯಂತ್ರದಲ್ಲಿ ಸುರಿಯುವ, ಹಾಲಿನಂಥ ಎಣ್ಣೆನೀರಿನದು. ಕಣ್ಣು ಮುಚ್ಚಿದೆ. ಇಂದಿರಾನಗರ ಯಾವಾಗ ದಾಟಿತೋ ತಿಳಿಯಲಿಲ್ಲ. ನಾನು ತೊಂಬತ್ತರ ದಶಕದ ಮಹದೇವಪುರದಲ್ಲಿದ್ದೆ.

ಆಗ ಕಾರ್ಖಾನೆಗಳಿಗೆ ಕಂಪ್ಯೂಟರ್ ನಡೆಸುವ ಮಷೀನುಗಳು ಬರತೊಡಗಿದ್ದವು. ತರಬೇತಿ ಪಡೆದವರಿಗೂ ಕೆಲಸ ಗೊತ್ತಿಲ್ಲವೆಂದು ಮಾಲೀಕರು ದೂರುತ್ತಿದ್ದರು. ವರದಿ ಮಾಡಲು ಪತ್ರಿಕೆಯವರು ನನ್ನನ್ನು ಕಳಿಸಿದ್ದರು. ಯಂತ್ರಗಳ ಬಗ್ಗೆ ನನಗಿದ್ದ ಜ್ಞಾನ ಟೈಪ್‌ರೈಟರಿನ ರಿಬ್ಬನ್ ಬದಲಿಸುವಷ್ಟು. ಹಲಸೂರಿನ ತರಬೇತಿ ಕೇಂದ್ರದ ಸೆಲ್ವರಾಜ್ ಮೇಷ್ಟ್ರು ಆರು ವಿದ್ಯಾರ್ಥಿಗಳನ್ನು ಒಂದು ಕಾರ್ಖಾನೆಗೆ ಮೂರು ದಿನದ ಪರೀಕ್ಷೆಗೆ ಕರೆತಂದಿದ್ದರು. ಗೆದ್ದರೆ ಆರು ಜನಕ್ಕೂ ಕೆಲಸ.

ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ್ದು ಅರದಿಂದ ಕಬ್ಬಿಣ ಉಜ್ಜಿ ನಯ ಮಾಡುವುದನ್ನು. ಮೊದಲ ದಿನ ಮಷೀನಿನಿಂದ ಬಂದ ಬಿಡಿಭಾಗದ ಅಂಚು ತುಸು ಒರಟಾಗಿ, ತರಕಾಗಿ ಕಂಡಿದ್ದೇ ತಡ, ಆರೂ ಜನ ಚೀಲದಿಂದ ಅರ ತೆಗೆದರು. ಸಂಜೆಗೆ ತಟ್ಟೆ ತುಂಬ ಬಿಡಿಭಾಗಗಳು ಫಳಫಳ ಹೊಳೆಯುತ್ತಿದ್ದವು. ಒಂದರ ಅಳತೆಯೂ ಸರಿಯಿರಲಿಲ್ಲ.

“ಏನ್ ಮೇಷ್ಟ್ರೇ, ಮಷೀನ್ ಮಾಡಿದ್ದನ್ನ ಉಜ್ಜಿ ಉಜ್ಜಿ ಕೆಡಿಸ್ಬಿಟ್ರಲ್ಲ! ಪಾತ್ರೆ ತೊಳೆಯೋಕೆ ಬಂದಿದ್ರಾ?” ಎಂದರು ಸೂಪರ್‌ವೈಸರ್.

“ತಪ್ಪು ಅವರದ್ದಲ್ಲ ಸಾರ್, ಹೇಳ್ಕೊಟ್ಟೋನು ನಾನು. ಇನ್ನೆರಡು ದಿನ ನನ್ನನ್ನೂ ಜೊತೇಲಿ ನಿಲ್ಲಿಸ್ಕೊಳ್ಳಿ. ನಾನೂ ಕಲೀತೀನಿ,” ಎಂದರು ಮೇಷ್ಟ್ರು.

ನಾನು ಆ ಸಂಜೆಯೇ ‘ಕೆಲಸಕ್ಕೆ ಬಾರದ ತರಬೇತಿ’ ಎಂದು ಬರೆದುಕೊಟ್ಟೆ. ಬೆಳಗ್ಗೆ ಅಚ್ಚಾಯಿತು.

ಮರುದಿನ, ಐವತ್ತು ದಾಟಿದ ಮೇಷ್ಟ್ರು ಶಿಷ್ಯರ ಸಾಲಿನಲ್ಲಿ ನಿಂತಿದ್ದರು. ಗಾಜಿನಾಚೆ ಬಿಳಿ ನೀರು ಸುರಿಯುತ್ತಿತ್ತು, ಯಂತ್ರ ಒಂದೇ ಸಮನೆ ಗುನುಗುತ್ತಿತ್ತು. ನೋಡುತ್ತ ನೋಡುತ್ತ ನನಗೆ ಮಂಪರು. ಆರು ಜನರಲ್ಲಿ ಒಬ್ಬಳೇ ಹುಡುಗಿ, ಶಿವಾಜಿನಗರದ ನೂರ್‌ಜಹಾನ್, ಮೇಷ್ಟ್ರನ್ನು ಛೇಡಿಸಿದಳು: “ಸರ್, ಕೈ ಹಿಂದೆ ಕಟ್ಕೊಳ್ಳಿ. ಅರದ ಚೀಲದ ಕಡೆ ಹೋಗ್ತಿದೆ!”

ಮೂರನೆಯ ದಿನ ಅವಳೇ ಒಂದು ಅಂಚಿಗೆ ಹೆಬ್ಬೆರಳು ಸವರಿದಳು. “ಬೆಳಗ್ಗೆಗಿಂತ ತರಕು ಜಾಸ್ತಿ ಇದೆ. ಉಜ್ಜಲ್ಲ ಸರ್. ಆದ್ರೆ ಯಾಕೆ ಹೀಗೆ?”

ಮೇಷ್ಟ್ರೂ ಸವರಿ ನೋಡಿ ಸೂಪರ್‌ವೈಸರ್ ಕಡೆ ತಿರುಗಿದರು. “ಮಷೀನ್ ನಿಲ್ಸಿ ಸಾರ್. ಒಳಗೆ ಕಬ್ಬಿಣ ಕೊರೆಯೋ ಉಳಿ ಸವೆದಿದೆ.”

ತೆಗೆದು ನೋಡಿದರೆ ನಿಜ. ಇನ್ನೂ ಕೆಲವು ಬಿಡಿಭಾಗ ಇಳಿದಿದ್ದರೆ ಅಳತೆ ತಪ್ಪುತ್ತಿತ್ತು. ಸೂಪರ್‌ವೈಸರ್ ಉಳಿಯ ಮೊನೆಯನ್ನು ಮುಟ್ಟಿ ನೋಡಿ ಶಿಷ್ಯರ ಕಡೆ ತಿರುಗಿದರು.

“ಸೋಮವಾರ ಎಂಟಕ್ಕೆ ಬನ್ನಿ, ಆರು ಜನಾನೂ. ಅರ ಮನೇಲಿಟ್ಟು ಬನ್ನಿ.”

ಮುಂದೆ ಮೇಷ್ಟ್ರ ತರಗತಿಯಲ್ಲಿ ಮೊದಲ ವಾರ ಯಾರೂ ಅರ ಮುಟ್ಟುವಂತಿರಲಿಲ್ಲ. ಅಂಚು ಸವರಿ, ಅಳೆದು, ತರಕಿಗೆ ಕಾರಣ ಹೇಳಬೇಕಿತ್ತು.

ಕಣ್ಣು ಬಿಟ್ಟಾಗ ಕೆ.ಆರ್. ಪುರ. ಇಳಿಯಬೇಕಾದ ನಿಲ್ದಾಣ ಆಗಲೇ ಹಿಂದಾಗಿತ್ತು. ಮೂರನೆಯ ದಿನದ ಸಂಗತಿಯನ್ನು ನಾನು ಪತ್ರಿಕೆಗೆ ಬರೆಯಲೇ ಇಲ್ಲ; ಆರು ಜನಕ್ಕೆ ಕೆಲಸ ಸಿಕ್ಕಿದ್ದರಲ್ಲಿ ಸುದ್ದಿಯೇನಿದೆ ಎಂದುಕೊಂಡಿದ್ದೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಈಗ ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ಆ ಹಳೆಯ ವರದಿಯ ತಿದ್ದುಪಡಿಯೆಂದು ಓದಿಕೊಳ್ಳಿ.