ಹುಕುಂ ಅತ್ತೆ

ಹೊಲಿಗೆ ಕಾರ್ಖಾನೆಯ ಎರಡನೇ ಮಹಡಿಗೆ ನನ್ನ ಸೋದರತ್ತೆಯೇ ಸೂಪರ್‌ವೈಸರ್. ಬೆನ್ನ ಹಿಂದೆ ಹೆಂಗಸರೆಲ್ಲ ಅವಳನ್ನು ‘ಹುಕುಂ’ ಎಂದೇ ಕರೆಯುತ್ತಿದ್ದರು. ಅಪ್ಪಣೆಯನ್ನಾದರೆ ಕೊಡುವುದೂ ಉಂಟು, ಬೇಡುವುದೂ ಉಂಟು. ಹುಕುಂ ಹಾಗಲ್ಲ, ಬಾಯಿಂದ ಹೊರಟಿತೆಂದರೆ ಎದುರಾಡುವಂತಿಲ್ಲ. ಕಾಲರ್ ಬಿಚ್ಚಿ ಮತ್ತೆ ಹೊಲಿ ಎಂದು ಅತ್ತೆ ಹೇಳಿದರೆ ಮುಗಿಯಿತು. ಮನೆಯಲ್ಲೂ ಅಷ್ಟೇ. ಮದುವೆಯ ದಿನ ಹೂಂ ಅಂದವನು ಇವತ್ತಿಗೂ ಅದನ್ನೇ ಅನ್ನುತ್ತಿದ್ದೇನೆ ಎಂದು ಮಾವ ನಗುತ್ತಿದ್ದರು.

ಒಂದು ಮಧ್ಯಾಹ್ನ ಇಸ್ತ್ರಿ ಮೇಜಿನ ಪಕ್ಕದ ಕರೆಂಟ್ ಬೋರ್ಡು ಚಟಪಟ ಎಂದು ಹೊತ್ತಿಕೊಂಡಿತು. ಹಾಲ್ ತುಂಬ ಕಪ್ಪು ಹೊಗೆ. ಹಿಂಬಾಗಿಲಿಗೆ ಅಡ್ಡವಾಗಿ ಬಟ್ಟೆಯ ಪೆಟ್ಟಿಗೆಗಳನ್ನು ಪೇರಿಸಿದ್ದರು. ಉಳಿದದ್ದು ಇಬ್ಬರು ಜೊತೆಯಾಗಿ ಇಳಿಯಲಾಗದ ಇಕ್ಕಟ್ಟಿನ ಮೆಟ್ಟಿಲು. ಎಲ್ಲರೂ ಅತ್ತ ನುಗ್ಗಿದರು, ಒಬ್ಬಳು ಬಿದ್ದೇಬಿಟ್ಟಳು.

ಅತ್ತೆ ಬಟ್ಟೆ ಕತ್ತರಿಸುವ ಮೇಜು ಹತ್ತಿ ನಿಂತಳು. “ನಿಲ್ಲಿ.”

ನಿಂತರು. ಬಿದ್ದವಳನ್ನು ಎತ್ತಿಸಿದಳು, ಬಸುರಿಯೊಬ್ಬಳನ್ನು ಮುಂದೆ ಬಿಡಿಸಿದಳು, ಆಮೇಲೆ ಒಬ್ಬೊಬ್ಬರನ್ನಾಗಿ ಇಳಿಸಿದಳು. ನಡುವೆ ತೂರಿಕೊಳ್ಳುತ್ತಿದ್ದ ಮ್ಯಾನೇಜರಿಗೂ, “ಸಾಲಲ್ಲಿ ಬನ್ನಿ ಸಾರ್” ಎಂದಳು. ಆತ ಕಮಕ್ ಕಿಮಕ್ ಎನ್ನದೆ ಹಿಂದಕ್ಕೆ ಸರಿದ. ಕೊನೆಗೆ ಇಳಿದವಳು ಅತ್ತೆ. ಅಂಗಳಕ್ಕೆ ಬಂದವಳೇ ಎಲ್ಲರ ತಲೆ ಎಣಿಸಿದಳಂತೆ.

ಎರಡು ದಿನ ಬಿಟ್ಟು ಕೆಲಸ ಶುರುವಾಯಿತು. ಬೋರ್ಡು ಹೊಸದಾಗಿತ್ತು, ಪೆಟ್ಟಿಗೆಗಳು ಮಾತ್ರ ಇದ್ದಲ್ಲೇ ಇದ್ದವು. ಹಿಂಬಾಗಿಲು ತೆರವಾಗುವವರೆಗೆ ಯಾರೂ ಮೆಷಿನ್ ಮುಟ್ಟುವುದಿಲ್ಲ ಎಂದು ಅತ್ತೆ ಹೇಳಿಬಿಟ್ಟಳು. ಮ್ಯಾನೇಜರಿಗೆ ಮೊನ್ನೆಯ ಅವಮಾನ ಇನ್ನೂ ಆರಿರಲಿಲ್ಲ.

“ಇದು ಯಾರ ಹುಕುಂ?” ಎಂದು ಕೊಂಕು ದನಿಯಲ್ಲಿ ಕೇಳಿದ.

ಅತ್ತೆ ಬಾಯಿ ತೆರೆಯುವ ಮೊದಲೇ ಗುಂಡಿ ಹಾಕುವವಳು ಎದ್ದು ನಿಂತಳು. ಅತ್ತೆಯಿಂದ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವಳು. ಆ ಅಡ್ಡಹೆಸರು ಇಟ್ಟವಳೂ ಅವಳೇ.

“ನಮ್ಮೆಲ್ಲರದೂ ಸಾರ್.”

ಒಂದು ಮೆಷಿನ್ನೂ ಸದ್ದು ಮಾಡಲಿಲ್ಲ. ಊಟದ ಹೊತ್ತಿಗೆ ಪೆಟ್ಟಿಗೆಗಳೆಲ್ಲ ಕೆಳಗಿಳಿದಿದ್ದವು.

ಸಂಜೆ ಅತ್ತೆ ನನಗೆ ಇದನ್ನೆಲ್ಲ ಹೇಳಿದಳು. “ಹೆದರಿ ನನ್ನ ಮಾತು ಕೇಳ್ತಾರೆ ಅಂದ್ಕೊಂಡಿದ್ದೆ ಕಣೇ. ನಂಬಿ ಕೇಳ್ತಾರೆ ಅಂತ ಗೊತ್ತೇ ಇರಲಿಲ್ಲ.”

ಮುಂದೆ ಮಾಲೀಕರು ಅಗಲವಾದ ಇನ್ನೊಂದು ಮೆಟ್ಟಿಲು ಕಟ್ಟಿಸಲು ಒಪ್ಪಿದರು. ಅದು ಎಲ್ಲಿಗೆ ಇಳಿಯಬೇಕೆಂದು ತೋರಿಸಲು ಅತ್ತೆಗೇ ಕರೆ ಬಂತು. ಅವಳು ಗುಂಡಿ ಹಾಕುವವಳನ್ನೂ ಜೊತೆಗೆ ಕರೆದೊಯ್ದಳು.