ಬಾಗಿಲಜ್ಜ
ನಕುರು ನಗರದಲ್ಲಿ ನಮ್ಮ ವಠಾರದ ಮಾಲೀಕ ಗಥೋಗೊ ಅಜ್ಜನ ಜೇಬಿನಲ್ಲಿ ಸದಾ ಒಂದು ಸ್ಕ್ರೂಡ್ರೈವರ್ ಇರುತ್ತದೆ. ಬಾಡಿಗೆ ತಪ್ಪಿಸಿದವರ ಬಾಗಿಲನ್ನೇ ಕಳಚಿ ಹೊತ್ತೊಯ್ಯುವುದು ಅವನ ಪದ್ಧತಿ. ಬಾಡಿಗೆ ಬಂದ ದಿನ ಅದೇ ಬಾಗಿಲಿಗೆ ಬಣ್ಣ ಬಳಿದು, ಕೀಲುಗಳಿಗೆ ಎಣ್ಣೆ ಬಿಟ್ಟು ಮರಳಿ ಕೂರಿಸುತ್ತಾನೆ. ಹೀಗಾಗಿ ವಠಾರದಲ್ಲಿ ಯಾರ ಬಾಗಿಲು ಹೆಚ್ಚು ಹೊಳೆಯುತ್ತದೋ ಅವರೇ ಹಳೇ ಬಾಕಿದಾರರು. "ಅಜ್ಜ, ಸೂರು ಸೋರ್ತಿದೆ" ಎಂದರೆ, "ಸೂರು ಬಿಚ್ಕೊಂಡ್ ಹೋಗೋಕಾಗಲ್ಲ ಕಣಮ್ಮ, ಅದಕ್ಕೇ ರಿಪೇರಿ ನಿಧಾನ" ಎನ್ನುತ್ತಾನೆ. ಹೋದ ತಿಂಗಳು ಬಾಡಿಗೆ ಕಟ್ಟದ ನಫುಲಾಳ ಬಾಗಿಲು ಬಿಚ್ಚುವಾಗ ಗೆದ್ದಲು ತಿಂದ ಹಲಗೆ ಕೈಯಲ್ಲೇ ಮುರಿಯಿತು. ಒಳಗೆ ಅವಳು ಹತ್ತು ದಿನದ ಬಾಣಂತಿ. "ಬೇರೆ ತರ್ತೀನಿ, ಆದ್ರೆ ಬಾಕಿ ಬಾಕಿನೇ" ಎಂದು ಗೊಣಗುತ್ತ ಹೋದ. ಈಗ ಅವಳ ಮನೆಗೆ ಗಟ್ಟಿ ಬಾಗಿಲಿದೆ. ಅಜ್ಜನ ಮನೆಗೆ ಪರದೆ ಬಂದಿದೆ. ಕೇಳಿದರೆ, "ಗಾಳಿ ಬರ್ಲಿ ಅಂತ" ಎನ್ನುತ್ತಾನೆ.