ಮೈ ಒರೆಸುವ ಪರೀಕ್ಷೆ

ಒಂಬತ್ತು ವರ್ಷ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ದುಡಿದವಳಿಗೆ ರೋಗಿಯ ಮೈ ಒರೆಸಲು ಬರುತ್ತದೆಯೇ ಎಂದು ಪರೀಕ್ಷೆ ಇಟ್ಟರು. ಅದೂ ಮನೆಯಲ್ಲಿ, ಫೋನಿನ ಕ್ಯಾಮೆರಾ ಮುಂದೆ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಆಗ ನಾವು ಡಚ್ಚರ ದೇಶದಲ್ಲಿ, ಬೈಟನ್‌ವೆಲ್ಡರ್ಟ್ ಎಂಬ ಬಡಾವಣೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿದ್ದೆವು. ಗಂಡ, ನಾನು, ಅತ್ತೆ. ಮಾವನ ವರ್ಷಾಂತ ಮುಗಿಸಿ ಮೂರು ತಿಂಗಳಿಗೆಂದು ಉಡುಪಿಯಿಂದ ಬಂದ ಅತ್ತೆ, ಕೊರೊನಾ ಬಂದು ವಿಮಾನಗಳು ನಿಂತ ಮೇಲೆ ನಮ್ಮ ಜೊತೆ ಸಿಕ್ಕಿಹಾಕಿಕೊಂಡಿದ್ದರು. ನಾನು ನರ್ಸಿಂಗ್ ಮಾಸ್ಟರ್ಸ್‌ಗೆ ಸೇರಿದ್ದೆ. ಎರಡು ವರ್ಷದ ಓದನ್ನು ಹದಿನಾಲ್ಕು ತಿಂಗಳಿಗೆ ಹಿಂಡಿ ಇಳಿಸಿದ ಕೋರ್ಸ್, ಉಸಿರಾಡಲು ಪುರುಸೊತ್ತಿಲ್ಲ. ಸಂಜೆಯಾದರೆ ಎದುರು ಮನೆಯವರೆಲ್ಲ ಬಾಲ್ಕನಿಗೆ ಬಂದು ನರ್ಸುಗಳಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು. ಟಿವಿಯಲ್ಲಿ ಆಸ್ಪತ್ರೆಗಳಿಗೆ ಕೈಗಳು ಸಾಲುತ್ತಿಲ್ಲ ಎಂದು ದಿನವೂ ಅದೇ ಗೋಳು. ನನ್ನ ಎರಡು ಕೈಗಳು ಮಾತ್ರ ಕುಕ್ಕರಿನ ಗ್ಯಾಸ್ಕೆಟ್ ತೊಳೆಯುತ್ತಾ ಕೂತಿದ್ದವು. ಹೊರದೇಶದಲ್ಲಿ ಕಲಿತವರು ಮೂಲ ಆರೈಕೆಯ ಪರೀಕ್ಷೆ ಪಾಸಾಗದೆ ವಾರ್ಡಿಗೆ ಕಾಲಿಡುವಂತಿರಲಿಲ್ಲ. ಕಾಲೇಜಿನ ಪ್ರಯೋಗಾಲಯ ಮುಚ್ಚಿತ್ತು. ಹಾಗಾಗಿ ಮನೆಯವರೊಬ್ಬರನ್ನು ರೋಗಿಯಂತೆ ಮಲಗಿಸಿ, ಮುಖ, ಕೈ, ಬೆನ್ನು ಒರೆಸಿ, ವಿಡಿಯೊ ಮಾಡಿ ಕಳುಹಿಸಿ ಎಂದರು. ಮಾತು ಯಾವ ಭಾಷೆಯಲ್ಲಾದರೂ ಇರಲಿ, ಅದರ ಅರ್ಥವನ್ನು ಕೆಳಗೆ ಇಂಗ್ಲಿಷ್‌ನಲ್ಲಿ ಬರೆಯಬೇಕು. ಎರಡು ಸಲ ಫೇಲಾದರೆ ಕೋರ್ಸಿನಿಂದ ಹೊರಗೆ.

ಗಂಡನಿಗೆ ಹಗಲಿಡೀ ಮೀಟಿಂಗು. ಉಳಿದವರು ಅತ್ತೆ. ಅವರೋ ನನ್ನ ಕೈಯಿಂದ ಮುಟ್ಟಿಸಿಕೊಳ್ಳುವವರೇ ಅಲ್ಲ. ತಲೆ ಬಾಚಿಕೊಡಲು ಹೋದರೆ, "ಬೇಡ ಬೇಡ, ನಾನೇ ಮಾಡಿಕೊಳ್ತೇನೆ" ಎಂದು ಸರಿದು ಕೂರುತ್ತಿದ್ದರು. ಮಡಿ ಎಂದುಕೊಂಡಿದ್ದೆ. ಕಂಡವರ ಹೇಲು ಉಚ್ಚೆ ಬಳಿದ ಕೈ ಎಂಬ ಅಸಹ್ಯ ಎಂದುಕೊಂಡಿದ್ದೆ. ಅದು ನನ್ನ ಹಳೆಯ ಸಿಟ್ಟು. ಯಾಕೆಂದರೆ ಮಾವ ತೀರಿಕೊಂಡದ್ದು ನನ್ನ ವಾರ್ಡಿನಲ್ಲೇ. ಮಗ ಈ ದೇಶದಲ್ಲಿದ್ದ. ಎರಡು ವಾರ ಅವರ ಮೈ ತೊಳೆದದ್ದು, ಮಗ್ಗುಲು ಬದಲಿಸಿದ್ದು ನಾನು. ಸೊಸೆಯೇ ನರ್ಸ್ ಆದದ್ದು ಅವರ ಪುಣ್ಯ ಎಂದು ನೆಂಟರೆಲ್ಲ ಹೊಗಳಿದ್ದರು. ಆಗ ಅಡ್ಡ ಬಾರದ ಮಡಿ ಈಗ ಎಲ್ಲಿಂದ ಬಂತು?

ಅತ್ತೆಯನ್ನು ಒಪ್ಪಿಸಿದ್ದು ಗಂಡ. ಒಪ್ಪಿಸಿದ್ದೇನು, ಹೆಡ್‌ಫೋನು ಕಿವಿಯಿಂದ ಅರ್ಧ ಸರಿಸಿ, "ಅಮ್ಮಾ, ಅವಳ ಪರೀಕ್ಷೆ ಉಂಟು. ಹತ್ತು ನಿಮಿಷ ಮಲಗಿ, ಸಾಕು" ಎಂದ, ಅಷ್ಟೆ. ಅತ್ತೆ ಮಲಗಿದರು. ಬಿಸಿನೀರು, ಎರಡು ಟವೆಲು, ಮುಚ್ಚಬೇಕಾದ ಕಡೆ ಮುಚ್ಚಿ, ತೆರೆಯಬೇಕಾದ ಕಡೆ ಮಾತ್ರ ತೆರೆದು, ಒಂದು ಹನಿ ಹಾಸಿಗೆಗೆ ಬೀಳದ ಹಾಗೆ ಒರೆಸಿದೆ. ಎಂಟು ನಿಮಿಷದಲ್ಲಿ ಮುಗಿಯಿತು. ಮಂಗಳೂರಿನ ನನ್ನ ವಾರ್ಡ್ ಸಿಸ್ಟರ್ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಫೇಲ್.

ಅಧ್ಯಾಪಕಿ ಪರದೆಯ ಮೇಲೆ ಬಂದರು. ಐವತ್ತು ದಾಟಿದ ಡಚ್ ಹೆಂಗಸು, ಕೈಯಲ್ಲಿ ಕಾಫಿ ಲೋಟ. ಈ ದೇಶದವರು ಸುತ್ತಿಬಳಸಿ ಮಾತಾಡುವುದಿಲ್ಲ. "ನೀವು ತುಂಬಾ ಚೆನ್ನಾಗಿ ಒರೆಸುತ್ತೀರಿ. ಆದರೆ ಒಂದು ಸಲವೂ ಅವರನ್ನು ಕೇಳಲಿಲ್ಲ. ಅವರ ಕೈ ಗಟ್ಟಿಯಾಗಿಯೇ ಇದೆ, ಮುಖ ಅವರೇ ಒರೆಸಿಕೊಳ್ಳಬಹುದಿತ್ತು," ಎಂದರು.

"ನಮ್ಮಲ್ಲಿ ಹಿರಿಯರ ಕೈಯಲ್ಲಿ ಕೆಲಸ ಮಾಡಿಸುವುದಿಲ್ಲ," ಎಂದೆ.

"ನಾಲ್ಕನೇ ನಿಮಿಷ ನೋಡಿ. ಅವರ ಎಡಗೈ," ಎಂದರು.

ಲ್ಯಾಪ್‌ಟಾಪ್ ಮುಚ್ಚಿದವಳೇ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ. ಗಂಡ ಮ್ಯೂಟ್ ಒತ್ತಿ ಇಣುಕಿದ. ಅವನಿಗೂ ಸರಿಯಾಗಿ ಬೈದೆ. ಒಬ್ಬ ನರ್ಸಿಗೆ ಹನ್ನೆರಡು ರೋಗಿಗಳಿದ್ದರೆ ಇವರು ಹೇಗೆ ಕೇಳುತ್ತಾ ಕೂರುತ್ತಾರೆ, ಅದನ್ನೂ ನೋಡೋಣ ಎಂದು ಕೂಗಾಡಿದೆ. ಅತ್ತೆ ತಮ್ಮ ಕೋಣೆಯ ಬಾಗಿಲು ಎಳೆದುಕೊಂಡರು.

ಮರುದಿನ ನಾಲ್ಕನೇ ನಿಮಿಷ ನೋಡಿದೆ. ನಾನು ಬೆನ್ನು ಒರೆಸುತ್ತಿದ್ದೇನೆ. ಅತ್ತೆಯ ಎಡಗೈ ಹಾಸಿಗೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಿದೆ, ಗೆಣ್ಣುಗಳು ಬಿಳಿಚಿಕೊಳ್ಳುವಷ್ಟು. ಕಣ್ಣು ಮುಚ್ಚಿದ್ದಾರೆ. ನಾನು ಅದರ ಪಕ್ಕದಲ್ಲೇ ಟವೆಲು ಹಿಂಡುತ್ತಿದ್ದೇನೆ, ನೋಡಿಯೇ ಇಲ್ಲ. ಆ ಹೆಂಗಸು ಹೇಳಿದ್ದು ನಿಜ ಎಂಬುದಕ್ಕೆ ಇನ್ನಷ್ಟು ಸಿಟ್ಟು ಬಂತು.

ಎರಡನೆಯ ಸಲ, ಅದೇ ಹಾಸಿಗೆ, ಅದೇ ನೀರು. ಇದೂ ಹೋದರೆ ಗ್ಯಾಸ್ಕೆಟ್ಟೇ ಗತಿ. ಫೋನು ಆನ್ ಮಾಡಿ, ಗಿಳಿಪಾಠದಂತೆ ಕೇಳಿದೆ. "ಅತ್ತೆ, ನಿಮ್ಮ ಮೈ ಒರೆಸಲಾ? ಯಾವುದನ್ನು ನೀವೇ ಮಾಡಿಕೊಳ್ತೀರಿ?"

ಅತ್ತೆ ನನ್ನ ಮುಖ ನೋಡಿದರು. ಹತ್ತು ನಿಮಿಷ ಮಲಗಿ ಎಂದವರೇ ಹೊರತು, ಮಲಗುತ್ತೀರಾ ಎಂದು ಆ ಮನೆಯಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.

"ಬೇಡ" ಎಂದರು.

"ಬೇಡ ಅಂದರೆ? ಮುಖ ಬೇಡವಾ, ಬೆನ್ನು ಬೇಡವಾ?"

"ಯಾವುದೂ ಬೇಡ. ನೀನು ನನ್ನನ್ನು ಮುಟ್ಟುದು ಬೇಡ. ಅವರನ್ನೂ ಹೀಗೇ ಒರೆಸಿದ್ದಿ ನೀನು. ಎರಡೇ ವಾರದಲ್ಲಿ ಹೋದ್ರು ಅವರು. ನಿನ್ನ ಕೈ ಕಂಡರೆ ನನಗೆ ಹೆದರಿಕೆ ಆಗ್ತದೆ."

ಟವೆಲಿನಿಂದ ನೀರು ನನ್ನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. "ಆಯ್ತು ಅತ್ತೆ" ಎಂದು ಅವರಿಗೆ ಹೊದಿಕೆ ಹೊದಿಸಲು ಹೋದವಳು, ಅದನ್ನೂ ಅವರ ಕೈಗೇ ಕೊಟ್ಟು ಫೋನು ಆರಿಸಿದೆ.

ಅಂದೇ ಕಳುಹಿಸಲು ಕೊನೆಯ ದಿನ. ಅಧ್ಯಾಪಕಿಗೆ ಕನ್ನಡ ಬರುವುದಿಲ್ಲ. ಅತ್ತೆಯ ಮಾತಿನ ಕೆಳಗೆ 'ಇವತ್ತು ಸುಸ್ತಾಗಿದೆ, ನಾಳೆ ಒರೆಸು' ಎಂದು ಬರೆದಿದ್ದರೂ ನಡೆಯುತ್ತಿತ್ತು. ಬರೆಯಲಿಲ್ಲ. ಪ್ರಾಮಾಣಿಕತೆಯಿಂದಲ್ಲ, ಹಟದಿಂದ. ಕೇಳಿ ಅಂದಿರಲ್ಲ, ತಗೊಳ್ಳಿ, ಕೇಳಿದರೆ ಏನು ಸಿಗುತ್ತದೆಂದು ನೋಡಿ. ಅತ್ತೆಯ ಒಂದೊಂದು ಮಾತನ್ನೂ ಇದ್ದ ಹಾಗೇ ಇಂಗ್ಲಿಷಿಗೆ ತಂದು ಕಳುಹಿಸಿದೆ. ಫೇಲಾಗುವುದು ಖಂಡಿತ ಎಂದು ಗಂಡನಿಗೂ ಹೇಳಿಬಿಟ್ಟೆ.

ನಾಲ್ಕು ದಿನಕ್ಕೆ ಉತ್ತರ ಬಂತು. ಪಾಸು. ರೋಗಿಯ ನಿರಾಕರಣೆಯನ್ನು ಗೌರವಿಸಿದ್ದೀರಿ, ಮುಂದಿನ ವಾರದಿಂದ ವಾರ್ಡಿಗೆ ಬನ್ನಿ. ದೇಶಕ್ಕೆ ಕೈಗಳು ಬೇಕಂತೆ, ಕೈ ಕಟ್ಟಿ ನಿಂತದ್ದಕ್ಕೆ ನಾನು ಪಾಸಂತೆ. ನಗಬೇಕೋ ಕಿರುಚಬೇಕೋ ತಿಳಿಯದೆ ಓದಿದ್ದನ್ನೇ ಓದಿದೆ.

ಅತ್ತೆ ಊಟದ ಮೇಜಿನ ಬಳಿ ಬೀನ್ಸ್ ಮುರಿಯುತ್ತಿದ್ದರು. ಅಂದಿನಿಂದ ನಮ್ಮಿಬ್ಬರಲ್ಲಿ ಮಾತೇ ಇರಲಿಲ್ಲ.

"ಎಂತ ಆಯ್ತು? ಪಾಸಾ?"

"ಪಾಸು."

"ನಾನು ಬೇಡ ಅಂದಿದ್ದೆನಲ್ಲ. ಮತ್ತೆ ಹೇಗೆ ಪಾಸು?"

"ನೀವು ಬೇಡ ಅಂದಿರಿ, ನಾನು ನಿಲ್ಲಿಸಿದೆ. ಅದಕ್ಕೇ ಪಾಸು. ಇಲ್ಲಿ ಹಾಗೆ."

ಅವರು ಬೀನ್ಸಿನ ನಾರು ಎಳೆದು ಕಾಗದದ ಮೇಲೆ ಇಟ್ಟರು. ಇನ್ನೊಂದನ್ನು ಎತ್ತಿಕೊಂಡು ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ತಿರುಗಿ ಏನಾದರೂ ಅಂದುಬಿಡುತ್ತಿದ್ದೆ.

"ಅವರೂ ಬೇಡ ಅಂತ ಇದ್ದರಲ್ಲ. ಬಾಯಿ ಬರ್ತಾ ಇರ್ಲಿಲ್ಲ, ಸರಿ. ಮಂಚದ ಸರಳು ಹಿಡ್ಕೊಂಡು ಬಿಡ್ತಾನೇ ಇರ್ಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ."

ಹೌದು, ಹಿಡಿದುಕೊಂಡಿದ್ದರು. ದಿನವೂ ಬೆಳಿಗ್ಗೆ ನಾನು ಟವೆಲು ತಂದಾಗಲೆಲ್ಲ ಹಿಡಿದುಕೊಳ್ಳುತ್ತಿದ್ದರು. "ಆಯ್ತು ಮಾವ, ಈಗ ಮುಗೀತದೆ" ಎನ್ನುತ್ತಾ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದವಳು ನಾನೇ. ಬೇಗ ಮುಗಿಸಬೇಕಿತ್ತು. ಇನ್ನೂ ಹನ್ನೊಂದು ಹಾಸಿಗೆಗಳಿದ್ದವು.